ಕುಂತ ಹಿಂಡು

ಮುಧೋಳದಿಂದ ಗಲಗಲಿಗೆ ಹೊರಟ ಬಸ್ಸಿನಲ್ಲಿ ವೈಶಾಲಿಗೆ ಕುಳಿತಲ್ಲಿ ಕುಳಿತಿರಲು ಆಗುತ್ತಿರಲಿಲ್ಲ. ಕಿಟಕಿ ಸರಿಸಿದಳು, ಮುಚ್ಚಿದಳು, ಮತ್ತೆ ಸರಿಸಿದಳು. ಇನ್ನೂ ಎಷ್ಟು ದೂರವೆಂದು ಮತ್ತೆ ಮತ್ತೆ ಕೇಳಿ ಕಂಡಕ್ಟರನ ತಲೆ ತಿಂದಳು.

"ಅಕ್ಕಾರ, ನೀವು ಕೇಳಿದ್ರ ಗಾಡಿಗೇನ ರೆಕ್ಕಿ ಮೂಡೂದಿಲ್ಲರಿ," ಎಂದ ಅವನು.

ಅಪ್ಪ ಫೋನ್ ಎತ್ತುತ್ತಿರಲಿಲ್ಲ. ಕುರಿ ಕಾಯುವ ಅಪ್ಪ ಅಮಸಿದ್ದಪ್ಪನ ಫೋನು ಸದಾ ಕಂಬಳಿಯ ಮಡಿಕೆಯಲ್ಲಿರುತ್ತದೆ. ಅದು ಕೂಗಿದರೆ ಕುರಿಗಳಿಗೆ ಕೇಳಿಸಬೇಕೇ ಹೊರತು ಅವನಿಗಲ್ಲ. ಅವನು ಹೊರಡುವಾಗ ಹೇಳಿದ್ದಂತೆ ಇವತ್ತು ಹಿಂಡು ಗಲಗಲಿಯ ಕೃಷ್ಣಾ ಸೇತುವೆ ದಾಟಿ ಆಚೆ ಸೀಮೆಗೆ ಹೋಯಿತೆಂದರೆ, ಮುಂದಿನ ಮಳೆಗಾಲದವರೆಗೆ ಅವನನ್ನು ಯಾವ ಹೊಲದಲ್ಲಿ ಹುಡುಕುವುದು? ಅವನ ಹೊಟ್ಟೆಯಲ್ಲಿರುವ ಕ್ಯಾನ್ಸರ್ ಅಲ್ಲಿಯವರೆಗೆ ಕಾಯುತ್ತದೆಯೇ?

ಮಾಡಿದ್ದೆಲ್ಲ ಅವಳದೇ ಬಾಯಿ. ಹೋದ ತಿಂಗಳು ಮುಧೋಳದ ಡಾಕ್ಟರ್ ರಾಜಶ್ರೀ, ಅಪ್ಪನ ದೊಡ್ಡ ಕರುಳಿನ ಗಂಟಿನಿಂದ ತುಣುಕು ತೆಗೆದು ಪರೀಕ್ಷೆ ಮಾಡಿಸಿ, ಇದು ಕ್ಯಾನ್ಸರ್, ಬೇಗ ಆಪರೇಶನ್ ಆಗಲಿ ಎಂದಿದ್ದರು. ಗಂಟಿನ ಕೋಶಗಳು ಒಂದನ್ನೊಂದು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಿವೆ, ಲಿವರಿನಲ್ಲಿ ಏನೂ ಕಂಡಿಲ್ಲ ಎಂದೂ ಹೇಳಿದ್ದರು. ಜಮಖಂಡಿಯ ಶಾಲೆಯಲ್ಲಿ ವಿಜ್ಞಾನ ಕಲಿಸುವ ವೈಶಾಲಿಗೆ ಅಷ್ಟು ಸಾಕಾಯಿತು. ಮನೆಗೆ ಬಂದವಳೇ, ಅಳುತ್ತ ಕೂತಿದ್ದ ಅವ್ವ ಸತ್ಯವ್ವನ ಕೈಯನ್ನು ಅಪ್ಪನ ಕೈಯಲ್ಲಿಟ್ಟು ಪಾಠ ಶುರು ಮಾಡಿದಳು.

"ಕೋಶ ಹಿಂಗ ಕೈ ಹಿಡಕೊಂಡಿರ್ತಾವ. ಕೈ ಬಿಟ್ಟೂ ಅಂದ್ರ ರಕ್ತದಾಗ ಹೊಕ್ಕು ಮೈತುಂಬ ತಿರಗತಾವ. ನಿನ್ನವು ಇನ್ನಾ ಬಿಟ್ಟಿಲ್ಲಪ್ಪಾ. ಹೆದರಬ್ಯಾಡ."

ಅವಳು ಹೆದರಬೇಡ ಎಂದದ್ದು ಆಪರೇಶನ್ನಿಗೆ. ಅಮಸಿದ್ದಪ್ಪ ಕೇಳಿಸಿಕೊಂಡದ್ದೇ ಬೇರೆ.

"ಅಂದ್ರ ಹಿಂಡು ಕುಂತೈತಿ," ಎಂದ ಅವನು, ಮುಖ ಅರಳಿಸಿ. "ಕುಂತ ಹಿಂಡಿನಾಗ ಯಾರರ ನಾಯಿ ಬಿಡ್ತಾರೇನ? ಕತ್ತರಿ ಹಚ್ಚಿದ್ರ ಚೆದರತಾವು. ಕುಂದರಲಿ ಬಿಡು."

ಸತ್ಯವ್ವನೂ ಹೂಂಗುಟ್ಟಿದಳು. ಅವಳ ತವರಿನಲ್ಲಿ ಯಾರಿಗೋ ಕತ್ತರಿ ಹಚ್ಚಿದ ಮೇಲೇ ಹಬ್ಬಿತ್ತಂತೆ. ವೈಶಾಲಿ ತಿಳಿಹೇಳಿದಳು, ಜಗಳವಾಡಿದಳು, ಊಟ ಬಿಟ್ಟಳು. ಅಪ್ಪ ಮಾತ್ರ ಅವಳ ಮಾತನ್ನೇ ಅವಳಿಗೆ ತಿರುಗಿಸಿ ಕೊಡುತ್ತಿದ್ದ: "ನೀನ ಹೇಳೀದಿ, ಕೈ ಬಿಟ್ಟಿಲ್ಲಂತ." ಹಣೆಗೆ ಬೀರಪ್ಪ ದೇವರ ಭಂಡಾರದ ಅರಿಶಿನ ಬಳಿದುಕೊಂಡು, ಹೆಂಡತಿಯನ್ನು ಕರೆದುಕೊಂಡು, ಹಿಂಡಿನ ಹಿಂದೆ ಹೊರಟೇಬಿಟ್ಟ.

ಮನಸ್ಸು ತಡೆಯದೆ ಇವತ್ತು ಬೆಳಿಗ್ಗೆ ಅವಳೊಬ್ಬಳೇ ಡಾಕ್ಟರ ಬಳಿ ಹೋಗಿದ್ದಳು. ಅವಳ ಪಾಠ ಕೇಳಿ ರಾಜಶ್ರೀ ಹಣೆ ಒತ್ತಿಕೊಂಡರು.

"ಕೈ ಬಿಟ್ಟವು ಅಷ್ಟ ಹೋಗ್ತಾವಂತ ಯಾರ ಹೇಳಿದ್ರು ನಿಮಗ? ಕೈ ಹಿಡಕೊಂಡು ಗುಂಪಾಗಿ ಹೋಗೂವೂ ಇರ್ತಾವ್ರಿ. ಒಂಟಿ ಕೋಶ ರಕ್ತದಾಗ ಹೆಚ್ಚಾಗಿ ಸಾಯತೈತಿ. ಗುಂಪಿನಾಗಿಂದು ಬದುಕಿ, ಹೋದಲ್ಲಿ ಬೇರ ಬಿಡೂ ಸಾಧ್ಯತೆ ಜಾಸ್ತಿ. ಈಗ ತಡಾ ಮಾಡೂದ ದೊಡ್ಡ ಅಪಾಯ. ಮೊದಲ ಅವರನ್ನ ಕರಕೊಂಡ ಬರ್ರಿ."

ಗಲಗಲಿಯ ಹೊಳೆದಂಡೆಯಲ್ಲಿ ಹಿಂಡು ನೀರು ಕುಡಿಯುತ್ತಿತ್ತು. ಅಪ್ಪ ಇನ್ನೂ ಈಚೆ ದಂಡೆಯಲ್ಲೇ ಇರುವುದನ್ನು ಕಂಡು ವೈಶಾಲಿಗೆ ಅಳು ಬಂತು, ಜೊತೆಗೆ ಸಿಟ್ಟೂ ಬಂತು. ಅವನು ಸೊರಗಿದ್ದ. ರುಮಾಲು ತಲೆಗಿಂತ ದೊಡ್ಡದಾಗಿ ಕಾಣುತ್ತಿತ್ತು.

"ಸಾಲಿ ಬಿಟ್ಟು ಯಾಕ ಬಂದಿ ಮಗಳ?"

"ಫೋನ್ ಎತ್ತೂದಿಲ್ಲ ನೀ, ಮತ್ತೇನ ಮಾಡ್ಲಿ? ಯಪ್ಪಾ, ನಾ ಹೇಳಿದ್ದು ತಪ್ಪಾತು."

"ಯಾವುದು?"

ಬಸ್ಸಿನಲ್ಲಿ ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತನ್ನೆಲ್ಲ ಪಕ್ಕಕ್ಕಿಟ್ಟಳು. ಅವಳು ಹೊಳೆಯ ಕಡೆ ನೋಡಿದಳು.

"ಇಲ್ಲಿ ಆಣೆಕಟ್ಟಿನ ನೀರು ನಿಲ್ಲೂಕಿಂತ ಮೊದಲ, ನೀ ಕುರಿ ನೀರಾಗಿಂದನ ದಾಟಸ್ತಿದ್ದಿ ಅಂತಿದ್ದಿ ಅಲ್ಲ? ಆಗ ಯಾವು ಹರಕೊಂಡ ಹೋಗ್ತಿದ್ವು?"

"ಒಂಟಿ ಬಿದ್ದವು. ಒತ್ತಿಕೊಂಡ ಹೊಂಟವು ದಾಟತಿದ್ವು, ಒಂದಕ್ಕೊಂದು ಆಸರಾಗಿ..." ಹೇಳುತ್ತ ಹೇಳುತ್ತ ಅಮಸಿದ್ದಪ್ಪನ ದನಿ ಇಳಿಯಿತು.

"ನಿನ್ನ ಹೊಟ್ಟ್ಯಾಗಿನವೂ ಹಂಗ ಅಂತಪ್ಪಾ. ಕೈ ಬಿಡದನ ಹೋಗ್ತಾವಂತ."

ಅವನು ಹಿಂಡಿನ ಕಡೆ ತಿರುಗಿದ. ಒಂದು ಕುರಿ ತಲೆ ಎತ್ತಿ ದಂಡೆ ಹತ್ತಿತು; ಅದರ ಹಿಂದೆ ಹತ್ತಾರು ಕುರಿ ಒಂದರ ಮೈಗೊಂದು ಮೈ ಉಜ್ಜಿಕೊಂಡು ಹತ್ತಿದವು. ಈ ನಡಿಗೆಯನ್ನು ಹುಟ್ಟಿದಾಗಿನಿಂದ ನೋಡುತ್ತ ಬಂದಿದ್ದ ಅವನು ಇವತ್ತು ಅದನ್ನು ಕಂಡು ಹೆದರಿದ.

"ಕುಂತಾವ ಅಂದಿದ್ದಿ," ಎಂದ ಮೆಲ್ಲಗೆ.

"ಅಂದಿದ್ನಿ. ನನ್ನ ಬಾಯಾಗ ಮಣ್ಣ ಬೀಳಲಿ."

"ಈಗ ದಾಟ್ಯಾವೇನ?"

ಇಲ್ಲ ಎಂದುಬಿಡುವ ಆಸೆ ವೈಶಾಲಿಯ ನಾಲಿಗೆಯ ತುದಿಗೆ ಬಂದಿತ್ತು. ಒಮ್ಮೆ ಸಮಾಧಾನ ಹೇಳಿ ಕೆಟ್ಟಿದ್ದು ಸಾಕಾಗಿತ್ತು.

"ಗೊತ್ತಿಲ್ಲಪ್ಪಾ. ಹೋದ ತಿಂಗಳ ದಾಟಿದ್ದು ಕಂಡಿರಲಿಲ್ಲ. ಈಗ ಗೊತ್ತಿಲ್ಲ."

ಅಮಸಿದ್ದಪ್ಪ ಕೈಯಲ್ಲಿದ್ದ ಕೋಲನ್ನು ಪಕ್ಕದಲ್ಲೇ ನಿಂತಿದ್ದ ಸತ್ಯವ್ವನಿಗೆ ಕೊಟ್ಟ. ಅವಳು ಕೋಲು ಹಿಡಿದು ಗಂಡನನ್ನೂ ಮಗಳನ್ನೂ ನೋಡಿದಳು. ಬುತ್ತಿಯ ಗಂಟಿಗೆ ಕೈ ಹಾಕಿದಳು.

"ಎರಡ ರೊಟ್ಟಿ ತಿಂದರ ಹೋಗ್ರಿ. ಮುಂಜಾನಿಂದ ಹೊಟ್ಟಿಗಿ ಏನೂ ಇಲ್ಲ."

"ಹೊಳ್ಯಾಗ ಇಳದ ಹಿಂಡು, ನಾ ರೊಟ್ಟಿ ತಿನ್ನೂತನಾ ನಿಂದರತೈತೇನ?" ಎಂದ ಅಮಸಿದ್ದಪ್ಪ.

ಮುಧೋಳದ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವನು ಆಗಲೇ ರಸ್ತೆಯ ಕಡೆ ದಾಪುಗಾಲು ಹಾಕುತ್ತಿದ್ದ. ವೈಶಾಲಿ ಚಪ್ಪಲಿ ಕೈಯಲ್ಲಿ ಹಿಡಿದು ಅವನ ಹಿಂದೆ ಓಡಿದಳು.