ಕೀಬೋರ್ಡ್ ಕೆಟ್ಟಿದೆ ಎಂದಳು ಅಕ್ಕ

ಅಕ್ಕನ ಫೋನು ಬಂದಾಗ ನಾನು ಅಂಗಡಿಯಲ್ಲಿ ಟೇಬಲ್ ಫ್ಯಾನ್ ಒಂದರ ಹೊಟ್ಟೆ ಬಗೆದು ಕೂತಿದ್ದೆ.

"ಕೀಬೋರ್ಡ್ ಕೆಟ್ಟಿದೆ ಕಣೋ. ನಾನೊಂದು ಒತ್ತಿದ್ರೆ ಅದು ಇನ್ನೊಂದು ಹೊಡೆದಿದೆ. ಬೇಗ ಬಾ."

ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವವನು ನಾನು. ಲ್ಯಾಪ್‌ಟಾಪ್ ನನ್ನ ಬಾಬತ್ತಲ್ಲ. ಆದರೆ ಅಕ್ಕನ ಲೆಕ್ಕದಲ್ಲಿ ಸ್ಕ್ರೂಡ್ರೈವರ್ ಹಿಡಿದವನಿಗೆ ಎಲ್ಲವೂ ಬರಬೇಕು. ಹಾಗಲ್ಲ ಎಂದು ಹೇಳುವ ಧೈರ್ಯ ನನಗೆ ಈ ಐವತ್ತೆರಡು ವರ್ಷದಲ್ಲಿ ಬಂದಿಲ್ಲ. ಎರಡು ಬೀದಿ ದಾಟಿ ಅವಳ ಮನೆಗೆ ಹೋದೆ.

ಅವಳ ಕೆಲಸ ಹೀಗೆ: ಒಂದು ಕಚೇರಿಯವರು ಸಭೆಗಳಲ್ಲಿ ಆಡಿದ ಮಾತನ್ನು ರೆಕಾರ್ಡ್ ಮಾಡಿ ಕಳಿಸುತ್ತಾರೆ. ಅಕ್ಕ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕೇಳುತ್ತ ಕೇಳುತ್ತ ಟೈಪ್ ಮಾಡಿ ವಾಪಸ್ ಕಳಿಸುತ್ತಾಳೆ. ಭಾವ ತೀರಿಕೊಂಡ ಮೇಲೆ ಅವಳನ್ನು ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸಿದ್ದು ಈ ಕೆಲಸವೇ. ಈಗ ಅದಕ್ಕೇ ಸಂಚಕಾರ ಬಂದಿತ್ತು. ನಿನ್ನೆ ಕಳಿಸಿದ ಆರು ಪುಟದಲ್ಲಿ ಒಂದು ಪದವೂ ಓದುವ ಹಾಗಿರಲಿಲ್ಲವಂತೆ. ಹಿಂದೊಮ್ಮೆಯೂ ಹೀಗಾಗಿತ್ತಂತೆ. ಇವತ್ತು ಐದು ಗಂಟೆಯೊಳಗೆ ಸರಿಯಾದದ್ದು ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಕಚೇರಿಯ ಮೇಡಂ ಖಡಾಖಂಡಿತವಾಗಿ ಹೇಳಿದ್ದರು.

ಆಗಲೇ ಒಂದು ಗಂಟೆ. ಲ್ಯಾಪ್‌ಟಾಪಿನ ಮುಚ್ಚಳ ಎತ್ತಿದೆ. ಹಸಿರು ದೀಪ ಹತ್ತಿತ್ತು, ಒಳಗಿನ ಫ್ಯಾನ್ ಗುಂಯ್ ಎನ್ನುತ್ತಿತ್ತು. ಪರದೆ ಮಾತ್ರ ಕಡುಕಪ್ಪು.

"ಕೀಬೋರ್ಡ್ ಹಾಳಾಗಿ ಹೋಗ್ಲಿ, ಇಲ್ಲಿ ಸ್ಕ್ರೀನೇ ಬರ್ತಿಲ್ವಲ್ಲ!" ಎಂದೆ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅಕ್ಕ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಳು. "ಏನಂದೆ?"

"ಪೂರ್ತಿ ಕಪ್ಪು. ಏನೂ ಕಾಣ್ತಿಲ್ಲ."

"ನಿಂಗೂ?"

"ನಿಂಗೂ ಅಂದ್ರೇನು? ಲೈಟೇ ಇಲ್ಲ ಅಂದ್ಮೇಲೆ ಯಾರಿಗೆ ತಾನೇ ಕಾಣುತ್ತೆ?"

ಅಕ್ಕ ಸ್ಟೂಲಿನ ಮೇಲೆ ಕುಸಿದು ಕೂತಳು. ಅಳುತ್ತಾಳೇನೋ ಎಂದು ನಾನು ಗಾಬರಿಯಾದೆ. ಅವಳು ನಗುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು, ಸೆರಗಿನಿಂದ ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು. ಕೆಲಸ ಹೋಗುವ ಹೊತ್ತಿನಲ್ಲಿ ಇದೆಂಥ ನಗು? ನನಗೆ ತಲೆಬುಡ ಅರ್ಥವಾಗಲಿಲ್ಲ.

"ಯಾವಾಗಿಂದ ಹೀಗಿದೆ?"

"ನಿನ್ನೆ ಚೆನ್ನಾಗೇ ಇತ್ತಪ್ಪ," ಎಂದು ಎದ್ದುಹೋದಳು. ಒಳಗಿನಿಂದ ಗುನುಗುವುದು ಕೇಳಿಸಿತು.

ಅಕ್ಷರ ತಪ್ಪಾಗುವುದು ಒಂದು ಕಾಯಿಲೆ, ಪರದೆ ಕಪ್ಪಾಗುವುದು ಇನ್ನೊಂದು. ಒಂದಕ್ಕೊಂದು ಸಂಬಂಧವಿಲ್ಲ. ಎರಡೂ ಒಟ್ಟಿಗೆ ಬಂದು ವಕ್ಕರಿಸಲು ಈ ಹಳೇ ಡಬ್ಬ ಏನು ಪಾಪ ಮಾಡಿತ್ತೋ. ಚಿಕ್ಕಪ್ಪನ ಮಗಳಿಗೆ ಫೋನ್ ಹಚ್ಚಿದೆ. ಕಂಪ್ಯೂಟರ್ ಅಂಗಡಿ ಇಟ್ಟವಳು ಅವಳು. "ಬ್ಯಾಟರಿ ತೆಗೆದು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿ ಅಣ್ಣಾ," ಎಂದಳು. ಹಿಡಿದೆ. ಕಪ್ಪು. "ಹಿಂದಿನ ಮುಚ್ಚಳ ಬಿಚ್ಚಿ ಮೆಮೊರಿ ಪಟ್ಟಿ ತೆಗಿ, ರಬ್ಬರಿನಿಂದ ಅದರ ತುದಿ ಉಜ್ಜಿ ಹಾಕು." ಉಜ್ಜಿ ಹಾಕಿದೆ. ಕಪ್ಪು. "ಟಾರ್ಚ್ ಬಿಟ್ಟು ಸ್ಕ್ರೀನ್‌ನ ಓರೆಯಾಗಿ ನೋಡು."

ನೋಡಿದೆ. ಬಾವಿಯ ತಳದಲ್ಲಿ ಬಿದ್ದ ಬಿಂದಿಗೆಯ ಹಾಗೆ ಒಂದು ಚೌಕ ಮಸುಕಾಗಿ ಕಂಡಿತು. ಯಂತ್ರ ಸತ್ತಿರಲಿಲ್ಲ, ಪರದೆಯ ಹಿಂದಿನ ದೀಪವಷ್ಟೇ ಹೋಗಿತ್ತು. ಸದ್ಯಕ್ಕೆ ಟಿವಿಗೆ ತಂತಿ ಕೊಟ್ಟು ಕೆಲಸ ಸಾಗಿಸು ಎಂದು ತಂಗಿ ಹೇಳಿದಳು.

ಮನೆಯಲ್ಲಿದ್ದ ತಂತಿ ಹುಡುಕಿ, ಟಿವಿ ಹಾಕಿ, ಅದರ ಹಿಂದೆ ತೂರಿಕೊಂಡು ಒಂದು ತುದಿ ಸಿಕ್ಕಿಸಿದೆ. ಧೂಳಿಗೆ ನಾಲ್ಕು ಸಲ ಸೀನಿದೆ. "ಬಂತಾ ಅಕ್ಕಾ?" ಎಂದು ಅಲ್ಲಿಂದಲೇ ಕೂಗಿದೆ.

"ಬಂತು ಬಂತು! ಅಕ್ಷರ ಎಲ್ಲ ಎಷ್ಟು ಸ್ಪಷ್ಟವಾಗಿದೆ. ನಿನ್ನ ಕೈ ಸುಮ್ನೆ ಅಲ್ಲ ಕಣೋ."

ಹಿಗ್ಗುತ್ತ ಈಚೆ ಬಂದೆ. ಲ್ಯಾಪ್‌ಟಾಪಿಗೆ ಸಿಕ್ಕಿಸಲು ನಾನು ಮರೆತಿದ್ದ ತಂತಿಯ ಇನ್ನೊಂದು ತುದಿ ಮೇಜಿನ ಕಾಲ ಬಳಿ ನೆಲದ ಮೇಲೆ ಬಿದ್ದಿತ್ತು. ಟಿವಿಯ ತುಂಬ ಬರೀ ನೀಲಿ ಬೆಳಕು. ಅದರೆದುರು ಕೂತು ಅಕ್ಕ ಓದುವವಳಂತೆ ತಲೆಯಾಡಿಸುತ್ತಿದ್ದಳು.

ತಂತಿಯನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಆಗ ನಿಜವಾಗಿಯೂ ಚಿತ್ರ ಬಂತು. ಅಕ್ಕನ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಅಕ್ಕಾ, ಎಷ್ಟು ದಿನ ಆಯ್ತು?" ಎಂದು ಕೇಳಿದೆ.

ಅವಳು ಸೆರಗಿನ ಅಂಚು ಮಡಿಸುತ್ತ ಹೇಳಿದಳು. "ಅಕ್ಷರ ಹೋಗಿ ವರ್ಷ ಆಯ್ತು. ಸುತ್ತಮುತ್ತ ಇರೋದು ಕಾಣುತ್ತೆ, ಏನನ್ನ ನೋಡ್ಬೇಕು ಅಂತ ನೋಡ್ತೀನೋ ಅದೇ ಇರಲ್ಲ. ಟೈಪಿಂಗ್ ಕ್ಲಾಸಲ್ಲಿ ಕೈ ಮೇಲೆ ಬಟ್ಟೆ ಮುಚ್ಚಿ ಹೊಡೆಸ್ತಿದ್ರು. ಬೆರಳಿಗೆ ಎಲ್ಲ ಗೊತ್ತು. ಉಳಿಸೋದು, ಕಳಿಸೋದು ಎಲ್ಲ ಬೆರಳಲ್ಲೇ. ಆದ್ರೆ ಪರದೆಯ ಬೆಳಕು ಕಾಣ್ತಿತ್ತು. ಮೂರು ವಾರದ ಹಿಂದೆ ಅದೂ ಹೋಯ್ತು."

"ಅದು ಮಿಷಿನ್ನಿನ ಲೈಟು ಅಕ್ಕಾ."

"ಈಗ ಗೊತ್ತಾಯ್ತಲ್ಲ! ನಾನು ನನ್ನ ಕಣ್ಣೇ ಮುಗೀತು ಅಂದ್ಕೊಂಡಿದ್ದೆ. ನಾಳೆ ಕಿಟಕಿ ಹೋಗುತ್ತೆ, ನಾಳಿದ್ದು ಒಲೆ ಹೋಗುತ್ತೆ ಅಂತ ದಿನಾ ಎಣಿಸ್ತಾ ಇದ್ದೆ."

ಅವಳು ನಕ್ಕದ್ದು ಯಾಕೆಂದು ಆಗ ತಿಳಿಯಿತು. ಪ್ರತಿ ಭಾನುವಾರ ಬಂದು ತಿಂದುಂಡು ಹೋಗುವ ತಮ್ಮ ನಾನು. ಒಂದು ವರ್ಷ ನಾನು ಏನು ನೋಡುತ್ತಿದ್ದೆ? ನಾಚಿಕೆಯಿಂದ ಕುಗ್ಗಿಹೋದೆ, ಸಿಟ್ಟೂ ಬಂತು. "ನನಗೆ ಯಾಕೆ ಹೇಳ್ಲಿಲ್ಲ? ಡಾಕ್ಟರ ಹತ್ರ ಹೋಗೋಣ, ಏಳು," ಎಂದು ರೇಗಿದೆ.

"ನಾಳೆ ಹೋಗೋಣ. ಇವತ್ತು ಐದರೊಳಗೆ ಆರು ಪುಟ ಹೋಗ್ಬೇಕು. ನಿನ್ನೇದು ಓದು."

ಟಿವಿ ನೋಡಿ ಓದಿದೆ. ಅದನ್ನು ಓದು ಎನ್ನುವುದೂ ತಪ್ಪೇ. ನಾಲಿಗೆ ತೊಡರಿ ಎರಡು ಸಾಲಿಗೇ ನಿಲ್ಲಿಸಿದೆ. ಅಕ್ಕ ಗಾಳಿಯಲ್ಲೇ ಬೆರಳಾಡಿಸುತ್ತ ಕೇಳಿದಳು, ಆಮೇಲೆ ಹಣೆ ಚಚ್ಚಿಕೊಂಡಳು.

"ಅಯ್ಯೋ ನನ್ನ ಮಂಕೇ! ಎರಡೂ ಕೈ ಒಂದು ಕೀಲಿ ಪಕ್ಕಕ್ಕೆ ಸರಿದಿದೆ. ಬೆರಳು ಕೂತಿದ್ದೇ ತಪ್ಪು ಕೀಲಿ ಮೇಲೆ, ಅಲ್ಲಿಂದ ಆರು ಪುಟ ಹೊಡೆದಿದ್ದೀನಿ."

ಹೆಡ್‌ಫೋನ್ ಹಾಕಿಕೊಂಡು ಹೊಸದಾಗಿ ಶುರುಮಾಡಿದಳು. ಮಳೆ ಹೊಡೆದಂತೆ ಹೊಡೆದಳು. ಪ್ರತಿ ಪುಟ ಮುಗಿದಾಗ ನಾನು ಗಟ್ಟಿಯಾಗಿ ಓದಿದೆ, ಅವಳು ತಪ್ಪು ಹಿಡಿದಳು. ಬಹಳ ತಪ್ಪೇನೂ ಇರಲಿಲ್ಲ.

ಐದಕ್ಕೆ ಹತ್ತು ನಿಮಿಷವಿರುವಾಗ ಫೈಲು ಹೋಯಿತು. ಸ್ವಲ್ಪ ಹೊತ್ತಿಗೆ ಕಚೇರಿಯಿಂದ ಉತ್ತರ ಬಂತು: ಸರಿಯಿದೆ, ನಾಳೆಯದನ್ನು ಕಳಿಸುತ್ತೇವೆ. ಅದನ್ನು ಎರಡು ಸಲ ಓದಿಸಿಕೊಂಡಳು.

"ಅಕ್ಕಾ, ನನ್ನ ಮುಖ ಕಾಣುತ್ತಾ?"

ಅವಳು ನನ್ನ ಕಿವಿಯ ಆಚೆ, ಗೋಡೆಯ ಕಡೆ ದೃಷ್ಟಿ ನೆಟ್ಟಳು. ಹಾಗೆ ಪಕ್ಕಕ್ಕೆ ನೋಡುತ್ತಲೇ ನನ್ನನ್ನು ಹುಡುಕಿದಳು.

"ಹೀಗೆ ನೋಡಿದ್ರೆ ಒಂಚೂರು ಕಾಣ್ತೀಯ," ಎಂದಳು. "ಯಾಕೋ ಅಳ್ತಿದೀಯ?"