ಮೊಳೆ ತೆಗೆಸಿದ ಶಿವರುದ್ರಮ್ಮ, ಮೊಳೆ ಉಳಿಸಿಕೊಂಡ ಶ್ರೀರಂಗಯ್ಯ

ತೆಂಗಿನ ಸೀಮೆಯಲ್ಲಿ ಮನೆಯೆಂದ ಮೇಲೆ ಕೊಬ್ಬರಿ ಅಟ್ಟ, ಅಟ್ಟವೆಂದ ಮೇಲೆ ಏಣಿ. ಏಣಿಯಿಂದ ಜಾರಿ ಬೀಳುವವರೂ ಇದ್ದದ್ದೇ. ದಬ್ಬೇಘಟ್ಟದ ಪಕ್ಕದ ಹಳ್ಳಿಯ ಶಿವರುದ್ರಮ್ಮ ಹಾಗೆ ಬಿದ್ದಾಗ ಅವಳಿಗೆ ನಲವತ್ತು ದಾಟಿತ್ತಷ್ಟೆ. ತೊಡೆಯ ಮೂಳೆ ಸೊಂಟದ ಹತ್ತಿರ ಮುರಿದಿತ್ತು. ಗಂಡ ತೋಂಟದಾರ್ಯ ಕೊಬ್ಬರಿ ಲಾರಿಯಲ್ಲೇ ಹಾಸಿಗೆ ಹಾಸಿ ಮಲಗಿಸಿಕೊಂಡು ತುಮಕೂರಿನ ಆಸ್ಪತ್ರೆಗೆ ಸೇರಿಸಿದ. ಅಲ್ಲಿ ಆಪರೇಷನ್ ಮಾಡಿ ಮೂಳೆ ಕೂಡಿಸಿದರು. ಕೂಡಿಸಿದ್ದು ಅಲುಗಾಡದಿರಲೆಂದು ಒಳಗೆ ಒಂದು ಉದ್ದನೆಯ ಮೊಳೆ, ಅದಕ್ಕೊಂದು ಪಟ್ಟಿ, ಒಂದಿಷ್ಟು ಸ್ಕ್ರೂ ಹಾಕಿ ಕಳಿಸಿದರು.

ಎರಡು ವರ್ಷ ಶಿವರುದ್ರಮ್ಮ ಚೆನ್ನಾಗಿಯೇ ಓಡಾಡಿಕೊಂಡಿದ್ದಳು. ಆಮೇಲೆ ಸೊಂಟದ ಪಕ್ಕದಲ್ಲಿ ಏನೋ ಚುಚ್ಚತೊಡಗಿತು. ಎಡಮಗ್ಗುಲಿಗೆ ಮಲಗುವಂತಿಲ್ಲ, ಚಕ್ಕಳಮಕ್ಕಳ ಹಾಕಿ ಕೂರುವಂತಿಲ್ಲ. ಗಂಡನಿಗೂ ಹೇಳಲಿಲ್ಲ. ನೋವು ಅಂದರೆ ಮತ್ತೆ ಕುಯ್ಯುತ್ತಾರೆ, ಮೊಳೆ ಕಿತ್ತರೆ ಕೂಡಿದ ಮೂಳೆ ಮತ್ತೆ ಬಿಟ್ಟುಕೊಳ್ಳುತ್ತದೆ ಎಂದು ಅವಳ ಹೆದರಿಕೆ. ಯಾರೂ ಇಲ್ಲದಾಗ ಹರಳೆಲೆ ಬಿಸಿಮಾಡಿ ಶಾಖ ಕೊಟ್ಟುಕೊಳ್ಳುವಳು, ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕುವಳು. ತಿಕ್ಕಿದಷ್ಟೂ ನೋವು ಹೆಚ್ಚಿತು.

ಎದುರುಮನೆಯ ಶ್ರೀರಂಗಯ್ಯನದು ಬೇರೆಯೇ ಕಥೆ. ಎಪ್ಪತ್ತು ದಾಟಿದ ಮುದುಕ. ಬಚ್ಚಲಲ್ಲಿ ಜಾರಿ ಅವನೂ ಸೊಂಟ ಮುರಿದುಕೊಂಡು, ಅಂಥದ್ದೇ ಮೊಳೆ ಹಾಕಿಸಿಕೊಂಡು ಬಂದಿದ್ದ. ನೋವಿಲ್ಲ, ಬಾವಿಲ್ಲ, ಕೋಲೂರಿಕೊಂಡು ದಿನಾ ಕೆರೆ ಏರಿಗೆ ಹೋಗಿ ಬರುತ್ತಿದ್ದ. ಆದರೆ ಒಂದು ದಿನ ಹೋಟೆಲಿನಲ್ಲಿ ಯಾರೋ, "ಕಬ್ಬಿಣ ಒಳಗೇ ಇದ್ರೆ ತುಕ್ಕು ಹಿಡಿದು ರಕ್ತ ಕೆಡ್ತದೆ ಕಣಯ್ಯ" ಎಂದುಬಿಟ್ಟರು. ಅಲ್ಲಿಂದ ಮುದುಕನಿಗೆ ಊಟ ಸೇರದಾಯಿತು. ಕಂಡಕಂಡವರನ್ನೆಲ್ಲ, "ಇದುನ್ನ ಕೀಳಿಸ್ಬೇಕಲ್ಲಪ್ಪ, ಯಾರು ಕೀಳ್ತಾರೆ?" ಎಂದು ಕೇಳುತ್ತಿದ್ದ.

ಆ ಹೊತ್ತಿಗೆ ಮಕ್ಕಳಿಗೆ ಸೂಜಿ ಹಾಕಲು ನರ್ಸ್ ಸುವರ್ಣಮ್ಮ ಊರಿಗೆ ಬಂದರು. ಶಿವರುದ್ರಮ್ಮನ ಜಗಲಿಯಲ್ಲೇ ಅವರ ಪೆಟ್ಟಿಗೆ ಇಳಿಯುವುದು ರೂಢಿ. ಕೆಲಸ ಮುಗಿಸಿ ಮಜ್ಜಿಗೆ ಕುಡಿಯುವಾಗ ಅವರ ಕಣ್ಣು ಶಿವರುದ್ರಮ್ಮ ಕೂತ ಬಗೆಯ ಮೇಲೆ ಬಿತ್ತು.

"ಯಾಕಕ್ಕ, ಒಂದೇ ಪಕ್ಕಕ್ಕೆ ವಾಲ್ಕೊಂಡು ಕೂತಿದ್ದೀರಿ?"

"ಏನಿಲ್ಲ ಬುಡಿ ನರ್ಸಮ್ಮ, ಅಭ್ಯಾಸ."

"ಎಲ್ಲಿ, ಒಳಗೆ ಬನ್ನಿ, ನೋಡಾನ."

ನಡುಮನೆಯಲ್ಲಿ ಸುವರ್ಣಮ್ಮ ಮೆಲ್ಲಗೆ ಮುಟ್ಟಿ ನೋಡಿದರು. ಶಾಖದಿಂದ ಚರ್ಮ ಕೆಂಪಾಗಿತ್ತು. ಅದರಡಿಯಲ್ಲಿ ಗಟ್ಟಿಯಾಗಿ ಏನೋ ಬೆರಳಿಗೆ ಸಿಕ್ಕಿತು.

"ಅಕ್ಕ, ಇಲ್ಲಿ ಇನ್ಮೇಲೆ ಶಾಖ ಬೇಡ, ತಿಕ್ಕೋದೂ ಬೇಡ. ಮೊಳೆ ಸ್ವಲ್ಪ ಈಚೆಗೆ ಜಾರಿರಬೌದು. ಎಕ್ಸ್‌ರೇ ತೆಗೆಸಿ ನೋಡ್ದೇ ನಾನೂ ಹೇಳಾಕಾಗಲ್ಲ."

"ಹಂಗಾರೆ ಕೀಳ್ತಾರಾ? ಕಿತ್ರೆ ಮೂಳೆ ನಿಲ್ತದಾ? ಬಾಗಿಲ ಚಿಲಕ ಕಿತ್ಮೇಲೆ ಬಾಗಿಲು ನಿಲ್ತದಾ, ನೀವೇ ಹೇಳಿ!"

ಸುವರ್ಣಮ್ಮ ನಕ್ಕರು. "ಚಿಲಕ ಅಲ್ಲಕ್ಕ. ಮನೆಗೆ ತಾರಸಿ ಹಾಕುವಾಗ ಕೆಳಗೆ ಮರ ಕೊಟ್ಟು ನಿಲ್ಸಿರ್ತಾರಲ್ಲ, ಅದು. ತಾರಸಿ ಬಿಗಿದ ಮೇಲೆ ಅದರ ಕೆಲಸ ಮುಗೀತು."

ಹೊರಗೆ ಜಗಲಿಯಿಂದ ಶ್ರೀರಂಗಯ್ಯನ ದನಿ ಕೇಳಿಸಿತು. "ನರ್ಸಮ್ಮಾ, ಹಂಗಾರೆ ನಂದೂ ಕೀಳಿಸ್ಬುಡವ್ವ!"

ನೋವಿದ್ದವಳಿಗೆ ಮೊಳೆ ತೆಗೆಸುವುದು ಬೇಡ, ನೋವಿಲ್ಲದವನಿಗೆ ತೆಗೆಸಲೇಬೇಕು! ಮಾತು ಕೇಳಿ ಒಳಗೆ ಬಂದ ತೋಂಟದಾರ್ಯನಿಗೆ ಆಗಲೇ ಹೆಂಡತಿಯ ನೋವಿನ ಸುದ್ದಿ ಗೊತ್ತಾದದ್ದು. "ಇಷ್ಟು ದಿನ ನನಗೂ ಹೇಳಲಿಲ್ವೇನೇ?" ಎಂದ. ಅವನ ದನಿಯಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚಿತ್ತು. ಶಿವರುದ್ರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಮುಂದಿನ ವಾರ ಗಂಡ ಹೆಂಡತಿ, ಶ್ರೀರಂಗಯ್ಯ ಮೂವರೂ ಬಸ್ಸು ಹತ್ತಿ ತುಮಕೂರಿಗೆ ಹೋದರು. ಡಾಕ್ಟರು ಇಬ್ಬರ ಎಕ್ಸ್‌ರೇಯನ್ನೂ ದೀಪದ ಪೆಟ್ಟಿಗೆಗೆ ಸಿಕ್ಕಿಸಿದರು. ಶಿವರುದ್ರಮ್ಮನಿಗೆ ಹೆದರಿಕೆ ಮರೆತೇಹೋಯಿತು. ತನ್ನ ಮೂಳೆ ಬೂದುಬಣ್ಣದ ಮಂಜಿನಂತೆ, ಅದರೊಳಗೆ ಮೊಳೆ ಬೆಳ್ಳಗೆ. ಅವಳು ಹತ್ತಿರ ಹೋಗಿ ಬಗ್ಗಿ ನೋಡಿದಳು.

"ಮುರಿದದ್ದು ಎಲ್ಲಿ ಸ್ವಾಮಿ?"

"ಅದೇ ಸಂತೋಷದ ವಿಷಯ. ಗೆರೆ ಕೂಡ ಕಾಣದ ಹಾಗೆ ಕೂಡಿಕೊಂಡಿದೆ. ಆದರೆ ಮೊಳೆಯ ಹಿಂಬದಿ ನೋಡಿ, ಹೊರಗೆ ಸರಿದಿದೆ. ಅದು ಮಾಂಸಕ್ಕೆ ಉಜ್ಜುತ್ತಿದೆ. ಇದನ್ನು ತೆಗೆಯೋಣ. ತೆಗೆದರೆ ನೋವು ಬಹಳ ಮಟ್ಟಿಗೆ ಹೋಗಬಹುದು, ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲಾರೆ."

"ನಂದು?" ಶ್ರೀರಂಗಯ್ಯ ಕೋಲೂರಿ ಮುಂದೆ ಬಂದ.

"ನಿಮ್ಮದು ಕದಲಿಲ್ಲ ಯಜಮಾನರೇ. ಇದ್ದಲ್ಲೇ ಇರಲಿ."

"ತುಕ್ಕು?"

"ಇದು ಗುದ್ದಲಿ ಕಬ್ಬಿಣ ಅಲ್ಲ. ಮೈಯೊಳಗೆ ಇರಲಿ ಅಂತಲೇ ಮಾಡಿದ ಉಕ್ಕು. ನೋವಿಲ್ಲ, ಕೀವಿಲ್ಲ. ಈ ವಯಸ್ಸಿನಲ್ಲಿ ಮೂಳೆ ಸೊರಗಿರುತ್ತೆ. ಸುಮ್ಮನೆ ಕಿತ್ತರೆ ಮತ್ತೆ ಮುರಿಯುವ ಅಪಾಯವೇ ಜಾಸ್ತಿ."

ಮುದುಕ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಹಂಗಾದ್ರೆ ಇರ್ಲಿ ಬುಡಿ. ಅದೂ ನನ್ ಜೊತೇಲೇ ಬರ್ತದೆ" ಎಂದ. ಡಾಕ್ಟರಿಗೂ ನಗು ಬಂತು.

ಶಿವರುದ್ರಮ್ಮನನ್ನು ಅಲ್ಲೇ ಸೇರಿಸಿಕೊಂಡರು. ಆಪರೇಷನ್ ಸುಸೂತ್ರವಾಗಿ ಆಯಿತು. ಎಚ್ಚರವಾದ ಮೇಲೆ ಅವಳು ಕೇಳಿದ ಮೊದಲ ಮಾತು, "ಅದುನ್ನ ತೋರಿಸ್ತೀರಾ?" ಸಿಸ್ಟರು ತಟ್ಟೆಯಲ್ಲಿ ಮೊಳೆ, ಪಟ್ಟಿ ತಂದು ತೋರಿಸಿದರು. ಬೆಳ್ಳಗೆ ಹೊಳೆಯುತ್ತಿದ್ದವು. ಇಷ್ಟುದ್ದದ್ದು ನನ್ನೊಳಗಿತ್ತೇ ಎಂದು ಅವಳು ತಿರುಗಿಸಿ ತಿರುಗಿಸಿ ನೋಡಿದಳು.

"ಈಗ ಮೂಳೇಲಿ ಸ್ಕ್ರೂ ಇದ್ದ ತೂತುಗಳು ಏನಾಯ್ತವೆ?"

ಡಾಕ್ಟರಿಗೆ ಆ ಪ್ರಶ್ನೆ ತುಂಬಾ ಹಿಡಿಸಿತು. "ಮೂಳೆ ತಾನೇ ತುಂಬಿಕೊಳ್ಳುತ್ತಮ್ಮ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತೆ. ಅಲ್ಲಿವರೆಗೆ ಆ ಜಾಗ ಕಚ್ಚಾ. ಭಾರ ಹೊರಬಾರದು, ಏಣಿ ಹತ್ತಬಾರದು. ನಾನು ಹೇಳುವ ತನಕ ಊರುಗೋಲು ಬಿಡಬಾರದು."

ಮನೆಗೆ ಬಂದ ಮೇಲೆ ಅಪಾಯ ಎದುರಾದದ್ದು ಈ ವಿಷಯದಲ್ಲೇ. ಚುಚ್ಚುವ ನೋವು ಹೋಗಿತ್ತು, ಗಾಯ ಒಣಗಿತ್ತು, ಕಾಲು ಹಗುರಾಗಿತ್ತು. ಅಷ್ಟರಲ್ಲಿ ಅಟ್ಟದ ಕೊಬ್ಬರಿ ಇಳಿಸುವ ಕಾಲ ಬಂತು. ಆಳುಗಳು ಸಾಲದೆ ತೋಂಟದಾರ್ಯನೇ ಅಟ್ಟ ಹತ್ತಿ, "ಮೊಳೆ ಹೋಯ್ತಲ್ಲ, ಇನ್ನೇನು? ಈ ಕುಕ್ಕೆ ಹಿಡ್ಕೊಳ್ಳೇ" ಎಂದ. ಶಿವರುದ್ರಮ್ಮನೂ ಊರುಗೋಲನ್ನು ಗೋಡೆಗೆ ಒರಗಿಸಿ ಏಣಿಯ ಮೆಟ್ಟಿಲ ಮೇಲೆ ಕಾಲಿಟ್ಟಳು. ಇಟ್ಟವಳು ಅಲ್ಲೇ ನಿಂತಳು. ಎಕ್ಸ್‌ರೇಯ ಮಂಜಿನಂಥ ಮೂಳೆ, ಅದರಲ್ಲೀಗ ಸಾಲಾಗಿ ತೂತುಗಳು. ಅವಳ ಕಣ್ಣಿಗೆ ಕಟ್ಟಿದಂತಾಯಿತು.

"ಇಲ್ಲ ಕಣ್ರೀ. ತೂತು ಇನ್ನೂ ತುಂಬಿಲ್ಲ. ನಾನು ಹತ್ತಲ್ಲ" ಎಂದು ಕಾಲು ಹಿಂದಕ್ಕೆ ತೆಗೆದಳು.

ತೋಂಟದಾರ್ಯ ಅಟ್ಟದಿಂದ ತಾನೇ ಕೆಳಗಿಳಿದು ಬಂದು ಊರುಗೋಲನ್ನು ಅವಳ ಕೈಗೆ ಕೊಟ್ಟ. "ನನ್ ಬುದ್ಧಿಗಿಷ್ಟು ಬೆಂಕಿ ಹಾಕ. ನೀನು ಕೂತ್ಕೊ. ಕೊಬ್ಬರಿ ನಾಳೆ ಇಳಿದ್ರೂ ಕೊಬ್ಬರಿನೇ."

ಮತ್ತೆ ಎಕ್ಸ್‌ರೇ ತೆಗೆದು ಡಾಕ್ಟರು ಸರಿ ಎಂದ ಮೇಲೆಯೇ ಅವಳು ಊರುಗೋಲು ಬಿಟ್ಟಳು. ಇವತ್ತು ಅವಳು ಬೇಕಾದ ಮಗ್ಗುಲಿಗೆ ಮಲಗುತ್ತಾಳೆ. ಶ್ರೀರಂಗಯ್ಯನಿಗೆ ಊಟ ಸೇರುತ್ತಿದೆ. ಹೋಟೆಲಿನಲ್ಲಿ ಯಾರಾದರೂ ತುಕ್ಕಿನ ಮಾತೆತ್ತಿದರೆ ಅವರಿಗೆ ಪಾಠ ಮಾಡಿಯೇ ಏಳುತ್ತಾನೆ.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಸೊಂಟಕ್ಕೆ ಮೊಳೆ ಹಾಕಿಸಿಕೊಂಡವರು ಇರಬಹುದು. ಆರಾಮಾಗಿದ್ದರೆ ಯಾರದೋ ಮಾತಿಗೆ ಹೆದರಿ ಕೀಳಿಸಲು ಹೋಗಬೇಡಿ. ಚುಚ್ಚು ನೋವು, ಬಾವು, ಕೀವು, ಜ್ವರ, ಹೊಸದಾಗಿ ಕುಂಟು, ಇವುಗಳಲ್ಲಿ ಒಂದು ಕಂಡರೂ ಮುಚ್ಚಿಡಬೇಡಿ, ತಿಕ್ಕಿಸಬೇಡಿ, ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಿ. ಮೊಳೆ ತೆಗೆಸಿದ ಮೇಲೆ ಕಾಲು ಹಗುರಾಯಿತೆಂದು ಅವಸರಪಡಬೇಡಿ, ಮೂಳೆಗೆ ಅದರ ಕಾಲ ಕೊಡಿ. ಸಂಶಯ ಬಂದರೆ ಶಿವರುದ್ರಮ್ಮನ ಹಾಗೆ ಡಾಕ್ಟರನ್ನೇ ನೇರವಾಗಿ ಕೇಳಿ. ನಿಮ್ಮ ಮೈಯೊಳಗೆ ಏನಿದೆ, ಯಾಕಿದೆ ಎಂದು ಕೇಳುವುದು ನಿಮ್ಮ ಹಕ್ಕು.