ಎಂಟು ಒಡೆಯರು, ಒಂದೇ ಕುರ್ಚಿ

ಇಪ್ಪತ್ತಾರು ವರ್ಷ ಒಂದೇ ಕುರ್ಚಿಯಲ್ಲಿ ಕೂತ ಹೆಂಗಸನ್ನು ಯಾರಾದರೂ ಕಾಲಿಗೆ ಚಕ್ರ ಕಟ್ಟಿಕೊಂಡವಳು ಎಂದರೆ ಅವಳಿಗೆ ನಗು ಬರಬೇಕೋ, ಸಿಟ್ಟು ಬರಬೇಕೋ? ಮಾರಿಟ್ ನ್ಯಾಸ್ಲುಂಡಳಿಗೆ ಮೊದಲು ನಗು ಬಂತು. ಫೋನು ಇಟ್ಟ ಮೇಲೆ ಸಿಟ್ಟು ಬಂತು. ಅದು ಮೂರು ವಾರವಾದರೂ ಇಳಿದಿರಲಿಲ್ಲ.

ಸ್ವೀಡನ್ನಿನ ಉತ್ತರ ಕರಾವಳಿಯ ಹೋರ್ನ್‌ವಿಕ್ ಊರಿನ ಕಾಗದದ ಕಾರ್ಖಾನೆಯಲ್ಲಿ ಅವಳು ಬಾಯ್ಲರ್ ನೋಡಿಕೊಳ್ಳುತ್ತಿದ್ದವಳು. ಕಳೆದ ವರ್ಷ ಕಾರ್ಖಾನೆ ಮುಚ್ಚಿತು. ಅಷ್ಟರೊಳಗೆ ಅದಕ್ಕೆ ಎಂಟು ಒಡೆಯರು ಬಂದು ಹೋಗಿದ್ದರು. ಒಮ್ಮೆ ಫಿನ್ಲೆಂಡಿನವರು, ಒಮ್ಮೆ ಜರ್ಮನಿಯವರು, ಒಮ್ಮೆ ಮುಖವನ್ನೇ ತೋರಿಸದ ಯಾರೋ ಹೂಡಿಕೆದಾರರು. ಪ್ರತಿಸಲವೂ ಬಾಗಿಲ ಮೇಲಿನ ಬೋರ್ಡು ಬದಲಾಗುತ್ತಿತ್ತು, ಹೊಸ ಕರಾರಿಗೆ ಸಹಿ ಬೀಳುತ್ತಿತ್ತು, ಹೊಸ ಹೆಸರಿನ ಜಾಕೆಟ್ಟು ಕೈಗೆ ಬರುತ್ತಿತ್ತು. ಬಾಯ್ಲರ್ ಮಾತ್ರ ಅದೇ. ಅದರ ಮುಂದಿನ ಕುರ್ಚಿಯೂ ಅದೇ.

ಉದ್ಯೋಗದ ಜಾಲತಾಣದಲ್ಲಿ ತನ್ನ ಪುಟ ತೆರೆದಾಗ ಮಾರಿಟ್ ಪ್ರಾಮಾಣಿಕಳಾಗಿ ಎಂಟೂ ಹೆಸರನ್ನು ಒಂದರ ಕೆಳಗೊಂದು ಬರೆದಿದ್ದಳು. ನೋಡಿದವರಿಗೆ ಅದು ಮೂರು ವರ್ಷಕ್ಕೊಮ್ಮೆ ಕೆಲಸ ಬಿಟ್ಟು ಓಡುವವಳ ಚರಿತ್ರೆ. ಪಕ್ಕದೂರಿನ ಕಂಪನಿಯವರು ಫೋನಿನಲ್ಲಿ ಹೇಳಿದ್ದೂ ಅದನ್ನೇ: "ನಮಗೆ ನೆಲೆ ನಿಲ್ಲೋರು ಬೇಕು."

ಈಗ ಹೋರ್ನ್‌ವಿಕ್‌ನಲ್ಲೇ ಒಂದು ಜಾಗ ಖಾಲಿಯಾಗಿತ್ತು. ಊರಿನ ಮನೆಗಳಿಗೆಲ್ಲ ಕೊಳವೆಯಲ್ಲಿ ಬಿಸಿನೀರು ಹರಿಸಿ ಚಳಿ ಕಳೆಯುವ ಪುರಸಭೆಯ ಬಾಯ್ಲರ್ ಮನೆಯಲ್ಲಿ. ಅರ್ಜಿಗೆ ಶುಕ್ರವಾರ ಕೊನೆ. ಇದು ತಪ್ಪಿದರೆ ಬಾಯ್ಲರ್ ಹುಡುಕಿಕೊಂಡು ದಕ್ಷಿಣಕ್ಕೆ ಗಂಟುಮೂಟೆ ಕಟ್ಟಬೇಕು, ಇಲ್ಲವೇ ಬಾಯ್ಲರನ್ನೇ ಮರೆಯಬೇಕು. ಎರಡನ್ನೂ ಮಾಡುವುದಿಲ್ಲವೆಂದು ಅವಳು ಹಟ ಹಿಡಿದಿದ್ದಳು.

ಬುಧವಾರ ಬೆಳಿಗ್ಗೆ ಬೋರ್ಯೆ ಬಂದ. ಅದೇ ಬಾಯ್ಲರಿನ ಮುಂದೆ ಹದಿನೆಂಟು ವರ್ಷ ಅವಳ ಜೊತೆ ದುಡಿದು ನಿವೃತ್ತನಾದವನು. ಆ ಕಡೆಯವರ ರೂಢಿಯಂತೆ ಕಾಫಿಯಲ್ಲಿ ಚೀಸಿನ ತುಂಡು ಮುಳುಗಿಸಿಕೊಂಡು ಅವಳ ಲ್ಯಾಪ್‌ಟಾಪಿನೊಳಗೆ ಇಣುಕಿದ.

"ಕೊನೇ ಹೆಸರೊಂದನ್ನ ಇಟ್ಕೊಂಡು ಉಳಿದಿದ್ದೆಲ್ಲ ತೆಗೆದುಹಾಕು."

"ತೆಗೆದ್ರೆ ಎರಡು ವರ್ಷದ ಅನುಭವ ಉಳಿಯುತ್ತೆ, ಅಷ್ಟೆ. ಮೊನ್ನೆ ಸ್ಕೂಲು ಬಿಟ್ಟೋಳು ಅಂದ್ಕೋತಾರೆ."

"ಫೋಟೋ ನೋಡಿದ್ರೆ ಹಾಗೇನೂ ಅಂದ್ಕೊಳಲ್ಲ ಬಿಡು."

"ಸುಮ್ನೆ ಕಾಫಿ ಕುಡಿ, ಬೋರ್ಯೆ."

ಅವಳು ಎಂಟೂ ಹೆಸರನ್ನು ಅಳಿಸಿದಳು. ಪುಟ ಖಾಲಿಯಾಯಿತು. ಕಂಪನಿಯ ಹೆಸರು ಆರಿಸಿ ಎಂದು ಜಾಲತಾಣ ದೊಡ್ಡ ಪಟ್ಟಿಯನ್ನೇ ಮುಂದೆ ಚಾಚಿತು. ಅವಳು ಅದರಲ್ಲಿ ಯಾವುದನ್ನೂ ಮುಟ್ಟದೆ, ಹೋರ್ನ್‌ವಿಕ್ ಕಾರ್ಖಾನೆಯ ಬಾಯ್ಲರ್ ಮನೆ, 1998ರಿಂದ 2024, ಎಂದು ತಾನೇ ಬರೆದಳು. ಕೆಳಗೆ ಇನ್ನೆರಡು ಸಾಲು: "ಕಾರ್ಖಾನೆಗೆ ಎಂಟು ಒಡೆಯರಾದರು. ನಾನು ಜಾಗ ಬಿಡಲಿಲ್ಲ."

"ಭೇಷ್. ಏನು ಮಾಡ್ದೆ ಅಂತಾನೂ ಬರಿ."

ಅಲ್ಲಿ ಅವಳ ಕೈ ಕಟ್ಟಿಹಾಕಿದಂತಾಯಿತು. ತನ್ನ ಬಾಯಿಂದ ತನ್ನ ಕೆಲಸ ಹೇಳಿಕೊಳ್ಳುವುದೆಂದರೆ ಆ ಸೀಮೆಯಲ್ಲಿ ಬಟ್ಟೆಯಿಲ್ಲದೆ ಬೀದಿಗೆ ಬಂದಷ್ಟು ನಾಚಿಕೆ. ಬಹಳ ಹೊತ್ತು ಯೋಚಿಸಿ ಹೀಗೆ ಬರೆದಳು: "2010ರ ಫೆಬ್ರುವರಿಯಲ್ಲಿ, ಮೈನಸ್ ಮೂವತ್ತರ ಚಳಿಯಲ್ಲಿ ವಿದ್ಯುತ್ ಹೋಗಿ ಬಾಯ್ಲರ್ ನಿಂತಾಗ, ನಾವು ನಾಲ್ಕು ಗಂಟೆಯಲ್ಲಿ ಅದನ್ನು ಮತ್ತೆ ಹೊತ್ತಿಸಿದೆವು."

ಬೋರ್ಯೆ ಲೋಟ ಕೆಳಗಿಟ್ಟ. "ಯಾವ ನಾವು? ನಾನಾವತ್ತು ಜ್ವರ ಬಂದು ಮಲಗಿದ್ದೆ. ಇನ್ನೊಬ್ಬ ಹಿಮದಲ್ಲಿ ಕಾರು ಸಿಕ್ಕಿಹಾಕ್ಕೊಂಡು ದಾರೀಲಿದ್ದ. ಅಲ್ಲಿದ್ದೋಳು ನೀನೊಬ್ಳೆ."

"ಅಂಗಡಿ ಸಾಲಲ್ಲಿ ನಿಂತಾಗ ಜನ ಆಡ್ಕೋತಾರೆ. ನೋಡು, ನಾನು ನಾನು ಅಂತಾಳೆ ಅಂತ."

"ಆಡ್ಕೊಳ್ಳಲಿ. ಅವರೆಲ್ಲ ಬಂದು ಬಾಯ್ಲರ್ ಹೊತ್ತಿಸ್ತಾರಾ?"

ಅವಳು ಒಮ್ಮೆ ತಿದ್ದಿದಳು, ಅಳಿಸಿದಳು, ಮತ್ತೆ ತಿದ್ದಿದಳು. "ನಾನು ಹೊತ್ತಿಸಿದೆ." ಕೆನ್ನೆ ಬಿಸಿಯಾಯಿತು. ಒಮ್ಮೆ ನಾಚಿಕೆ ಬಿಟ್ಟ ಮೇಲೆ ಇನ್ನೇನು, ಕೆಲಸ ಕಲಿಸಿದ ಹದಿನಾಲ್ಕು ಜನರನ್ನೂ ಬರೆದಳು, ಕೊನೆಯ ಆರು ವರ್ಷ ಬಾಯ್ಲರ್ ಒಮ್ಮೆಯೂ ಹೇಳದೆ ಕೇಳದೆ ನಿಲ್ಲಲಿಲ್ಲ ಎಂಬುದನ್ನೂ ಬರೆದಳು. ಆಮೇಲೆ ಎದ್ದು ಹೋಗಿ ಹಿತ್ತಲ ಶೆಡ್ಡಿನಿಂದ ಎಂಟೂ ಜಾಕೆಟ್ಟು ತಂದು ಬಟ್ಟೆ ಒಣಗಿಸುವ ಹಗ್ಗಕ್ಕೆ ಸಾಲಾಗಿ ತೂಗುಹಾಕಿದಳು. ಎಂಟಕ್ಕೂ ಎಂಟು ಬಣ್ಣ, ಎಂಟರ ಎದೆಯ ಮೇಲೂ ಮಾರಿಟ್ ಎಂಬ ಒಂದೇ ಹೆಸರು. ಬೋರ್ಯೆ ತೆಗೆದ ಆ ಫೋಟೋ ಪುಟದ ನೆತ್ತಿಯ ಮೇಲೆ ಕೂತಿತು. ಅರ್ಜಿ ಅಂದೇ ಹೋಯಿತು.

ಮುಂದಿನ ಗುರುವಾರ ಪುರಸಭೆಯ ಬಾಯ್ಲರ್ ಮನೆಯ ಮುಖ್ಯಸ್ಥೆ ಉಲ್ರಿಕಾ ಹೆಡಿನ್ ಅವಳನ್ನು ಕರೆಸಿದಳು.

"ನಿಮ್ಮ ಪುಟ ನೋಡಿ ಇಲ್ಲಿ ಎಲ್ಲರೂ ನಕ್ಕುಬಿಟ್ರು. ಆಮೇಲೆ ಆ ನಾಲ್ಕು ಗಂಟೆ ವಿಷಯ ಓದಿ ಸುಮ್ಮನಾದ್ರು. ಆವತ್ತು ಮೊದಲು ಏನು ಮಾಡಿದ್ರಿ?"

ಮಾರಿಟ್ ಹೇಳತೊಡಗಿದಳು. ಅರ್ಧ ಗಂಟೆ ಹೇಳಿದಳು. ಉಲ್ರಿಕಾ ನಡುವೆ ಒಮ್ಮೆಯೂ ಗಡಿಯಾರ ನೋಡಲಿಲ್ಲ. ಮುಗಿದ ಮೇಲೆ ಪೆನ್ನಿನ ಮುಚ್ಚಳ ಹಾಕಿ, ತುಸು ಸಂಕೋಚದಿಂದ ಅಂದಳು: "ಒಂದು ವಿಷಯ ಮುಚ್ಚಿಡಬಾರದು. ಪುರಸಭೆ ಇದನ್ನ ವಸಂತದಲ್ಲಿ ಮಾರ್ತಿದೆ. ಯಾರಿಗೆ ಅಂತ ನಮಗೂ ಗೊತ್ತಿಲ್ಲ. ಇದನ್ನ ಕೇಳಿ ಇಬ್ಬರು ಆಗ್ಲೇ ಬೇಡ ಅಂದು ಹೋದ್ರು."

ಮಾರಿಟ್ ಮನಸ್ಸಿನಲ್ಲೇ ಎಣಿಸಿದಳು. ಪುರಸಭೆ ಒಂಬತ್ತನೆಯ ಒಡೆಯ, ಕೊಳ್ಳುವವನು ಹತ್ತನೆಯವನು. ಅವಳಿಗೆ ಸುಸ್ತಾಗಿತ್ತು, ನಿಜಕ್ಕೂ ಸುಸ್ತಾಗಿತ್ತು. ಕಿಟಕಿಯಾಚೆ ಹೊಗೆಕೊಳವೆಯಿಂದ ಬಿಳಿ ಹಬೆ ಒಂದೇ ಸಮನೆ ಏಳುತ್ತಿತ್ತು. ಅವಳು ಆ ಕಡೆ ಕೈ ತೋರಿಸಿದಳು.

"ಕೊಂಡೋರು ಬಾಯ್ಲರ್ ಕಿತ್ಕೊಂಡು ಹೋಗ್ತಾರಾ?"

"ಹೋದ್ರೆ ಊರು ಹೆಪ್ಪುಗಟ್ಟುತ್ತೆ."

"ಹಾಗಾದ್ರೆ ಅವರು ಬಂದಾಗ ನನ್ನ ಪರಿಚಯ ಮಾಡ್ಕೊಳ್ಳಲಿ. ನಾನು ಇಲ್ಲೇ ಇರ್ತೀನಿ."

ಉಲ್ರಿಕಾ ಪಾಳಿಯ ಪಟ್ಟಿಯನ್ನು ಅವಳ ಕಡೆ ತಿರುಗಿಸಿದಳು. "ಸೋಮವಾರ ಬೆಳಿಗ್ಗೆ ಆರಕ್ಕೆ?"

ಮಾರಿಟ್ ಸರ್ರನೆ ಉಸಿರು ಒಳಗೆಳೆದುಕೊಂಡಳು. ಆ ಉತ್ತರ ಸೀಮೆಯವರು ಹೌದು ಅನ್ನುವುದು ಹಾಗೆ ಉಸಿರೆಳೆದೇ.